ಹಿಂಡಿನಿಂದ ಹೊರಗೆ ನಿಂತ ಪದ: ಇಗ್ರೀಜಸ್

ಇವತ್ತು ಒಂದೇ ಒಂದು ಇಂಗ್ಲಿಷ್ ಗುಣವಾಚಕದ ಕಥೆ: 'ಇಗ್ರೀಜಸ್'. ಈ ಪದದಿಂದ ನಾನೇ ಒಬ್ಬ ಹುಡುಗನ ಮನಸ್ಸು ನೋಯಿಸಿದ್ದೆ. ಅಲ್ಲಿಂದಲೇ ಶುರು ಮಾಡ್ತೀನಿ.

ನಾನು ಪುಣೆಗೆ ಬಂದ ಹೊಸದರಲ್ಲಿ ನಮ್ಮದು ಇಟಲಿಯ ಕ್ಲೈಂಟ್ ಪ್ರಾಜೆಕ್ಟ್. ಅವರ ಪತ್ರಗಳು 'ಎಗ್ರೇಜೊ' ಅಂತ ಶುರುವಾಗ್ತಿದ್ದವು. ಅಂದ್ರೆ ನಮ್ಮ 'ಮಾನ್ಯರೇ' ಇದ್ದ ಹಾಗೆ. ಇಂಗ್ಲಿಷಿನಲ್ಲೂ ಅದೇ ಅರ್ಥ ಅಂದ್ಕೊಂಡು, ಟೀಮಿನಲ್ಲಿದ್ದ ಹುಬ್ಬಳ್ಳಿ ಹುಡುಗನ ಅಪ್ರೈಸಲ್‌ನಲ್ಲಿ ಅವನ ಕೆಲಸ 'ಇಗ್ರೀಜಸ್' ಅಂತ ಬರೆದೆ. ಹೊಗಳಿದೆ ಅನ್ನೋದೇ ನನ್ನ ಲೆಕ್ಕ. ಮರುದಿನ ಅವನು ನಮ್ಮ ಜೊತೆ ಊಟಕ್ಕೆ ಬರಲಿಲ್ಲ. ಸಂಜೆ ಬಂದು, "ಸರ್, ನನ್ನ ಕೆಲಸ ಅಷ್ಟು ಹೊಲಸಾಗೇತೇನ್ರಿ?" ಅಂದ. ನಿಘಂಟು ತೆಗೆದು ನೋಡಿದೆ: 'ಎದ್ದು ಕಾಣುವಷ್ಟು ಕೆಟ್ಟದ್ದು'!

ಹಾಗಾದ್ರೆ ಇಟಲಿಯವರ ಗೌರವ ಇಂಗ್ಲಿಷಿನಲ್ಲಿ ಬೈಗುಳ ಆಗಿದ್ದು ಹೇಗೆ?

ಲ್ಯಾಟಿನ್‌ನಲ್ಲಿ 'ಗ್ರೆಕ್ಸ್' ಅಂದ್ರೆ ಕುರಿ, ದನಗಳ ಹಿಂಡು. ಹಿಂಡಿನಿಂದ ಹೊರಗೆ ಎದ್ದು ಕಾಣುವವನು, ಅಂದ್ರೆ ಸಾವಿರಕ್ಕೊಬ್ಬ, 'ಎಗ್ರೇಗಿಯುಸ್'. ನಾವು ಎಸ್‌ಕ್ಯೂಎಲ್‌ನಲ್ಲಿ ದಿನಾ ಬಳಸುವ 'ಅಗ್ರಿಗೇಟ್' ಕೂಡ ಇದೇ ಬೇರಿನದು: ಹಿಂಡಿಗೆ ಸೇರಿಸು. 'ಸೆಗ್ರಿಗೇಟ್' ಅಂದ್ರೆ ಹಿಂಡಿನಿಂದ ಬೇರ್ಪಡಿಸು.

16ನೇ ಶತಮಾನದಲ್ಲಿ ಈ ಪದ ಇಂಗ್ಲಿಷಿಗೆ ಬಂದಾಗ ಹೊಗಳಿಕೆಯೇ ಆಗಿತ್ತು. 1590ರಲ್ಲಿ ಅಚ್ಚಾದ ಮಾರ್ಲೋನ 'ಟ್ಯಾಂಬರ್ಲೇನ್' ನಾಟಕದಲ್ಲಿ ರಾಜಪ್ರತಿನಿಧಿಗಳನ್ನು ಇದೇ ಪದದಿಂದ ಗೌರವಿಸಿದ್ದಾರೆ. ಸುಮಾರು 1610ರ ಶೇಕ್ಸ್‌ಪಿಯರ್ ನಾಟಕ 'ಸಿಂಬಲಿನ್'ನಲ್ಲಿ ಇದು ಕೊಲೆಗಾರನಿಗೆ ಅಂಟಿಕೊಂಡಿದೆ. ಕೆಲಕಾಲ ಎರಡೂ ಅರ್ಥ ಜೊತೆಗೇ ನಡೆದವು, ಆಮೇಲೆ ಒಳ್ಳೆಯದು ಮರೆಯಾಯ್ತು.

ಕಾರಣ ವ್ಯಂಗ್ಯ ಇರಬೇಕು ಅಂತಾರೆ ಪದಚರಿತ್ರೆ ಬಲ್ಲವರು. ನಮಗಿದು ಹೊಸದೇನಲ್ಲ. "ಭಾರೀ ಘನಂದಾರಿ ಕೆಲಸ ಮಾಡಿದೀಯ!" ಅಂತ ಅಮ್ಮ ಅಂದ್ರೆ ಯಾರಾದ್ರೂ ಖುಷಿಪಡ್ತಾರಾ? ಹಾಗೆ ಅಂದೂ ಅಂದೂ ವ್ಯಂಗ್ಯವೇ ಅರ್ಥವಾಗಿ ಕೂತುಬಿಡುತ್ತೆ. ಇಟಲಿಯಲ್ಲಿ ಮಾತ್ರ ಹಳೇ ಮರ್ಯಾದೆ ಉಳೀತು.

ಈಗ ಇದನ್ನು ಸಣ್ಣಪುಟ್ಟ ತಪ್ಪಿಗೆ ಬಳಸೋ ಹಾಗಿಲ್ಲ. ಕಾಮಾ ಬಿಟ್ಟುಹೋದ್ರೆ ಅದು ಇಗ್ರೀಜಸ್ ಅಲ್ಲ. ಬ್ಯಾಕಪ್ ಇಲ್ಲದೆ ಪ್ರೊಡಕ್ಷನ್ ಡೇಟಾಬೇಸ್ ಅಳಿಸಿದ್ರೆ, ಅದು ಇಗ್ರೀಜಸ್! ಯಾರ ಕಣ್ಣಿಗಾದ್ರೂ ರಾಚುವ ತಪ್ಪು, ನಿಯಮ ಉಲ್ಲಂಘನೆ, ಅನ್ಯಾಯಕ್ಕೆ ಮಾತ್ರ ಇದು ಒಪ್ಪುತ್ತೆ.

ಆ ಹುಡುಗನಿಗೆ ಅವತ್ತೇ ಕ್ಷಮೆ ಕೇಳಿದೆ, ಅಪ್ರೈಸಲ್ ತಿದ್ದಿಸಿದೆ. ಹೊಸ ಸಾಲು ಇಷ್ಟೇ: ಕೆಲಸ ತುಂಬಾ ಚೆನ್ನಾಗಿ ಮಾಡಿದ್ದಾನೆ. ಮೊದಲೇ ಅಷ್ಟು ಬರೆದಿದ್ರೆ ಸಾಕಿತ್ತು.

ಮತ್ತೆ ಸಿಗೋಣ.