ಮಹಾಮಾರಿಯ ಕಾಲದಲ್ಲಿ ವೈದ್ಯನ ಮನಸ್ಸು

ಮಹಾಮಾರಿಗಳ ಚರಿತ್ರೆಯನ್ನು ಬರೆದವರು ಸತ್ತವರ ಲೆಕ್ಕವನ್ನು ಕೊಡುವರು. ಅರಸರು ವಿಧಿಸಿದ ಕಟ್ಟಳೆಗಳನ್ನು ಹೇಳುವರು. ಊರು ಬಿಟ್ಟು ಓಡಿದವರ ಕಥೆಯನ್ನೂ ಬಿಡುವುದಿಲ್ಲ. ಆದರೆ ಓಡದೆ ರೋಗಿಯ ಹಾಸಿಗೆಯ ಬಳಿ ನಿಂತವರ ಮನಸ್ಸು ಆಗ ಹೇಗಿದ್ದಿತೆಂಬುದನ್ನು ತಿಳಿಸುವ ಬರಹಗಳು ವಿರಳ. ವಿರಳವಾದರೂ ಇಲ್ಲದಿಲ್ಲ. ಅವುಗಳಲ್ಲಿ ಕೆಲವನ್ನು ಕಾಲಕ್ರಮದಿಂದ ನೋಡಿ, ನಾವು ಅರಿಯತಕ್ಕದ್ದೇನೆಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ನಮ್ಮ ಚರಕಸಂಹಿತೆಯ ವಿಮಾನಸ್ಥಾನದಲ್ಲಿ ಜನಪದೋದ್ಧ್ವಂಸವನ್ನು ಕುರಿತ ಅಧ್ಯಾಯವೊಂದಿದೆ. ವಾಯು, ಜಲ, ದೇಶ, ಕಾಲ ಎಂಬೀ ನಾಲ್ಕು ಕೆಟ್ಟಾಗ ಬೇರೆ ಬೇರೆ ಪ್ರಕೃತಿಯ ಜನರೂ ಏಕಕಾಲದಲ್ಲಿ ಒಂದೇ ರೋಗಕ್ಕೆ ತುತ್ತಾಗುವರೆಂದು ಆತ್ರೇಯನು ಅಗ್ನಿವೇಶನಿಗೆ ಅಲ್ಲಿ ತಿಳಿಸುತ್ತಾನೆ. ಅದೇ ಗ್ರಂಥದ ಸೂತ್ರಸ್ಥಾನವು ವೈದ್ಯನ ವೃತ್ತಿಯನ್ನು ನಾಲ್ಕು ಬಗೆಯಾಗಿ ಹೇಳುತ್ತದೆ: ಆರ್ತರಲ್ಲಿ ಮೈತ್ರಿ ಮತ್ತು ಕಾರುಣ್ಯ, ಗುಣವಾಗತಕ್ಕವರಲ್ಲಿ ಪ್ರೀತಿ, ಮರಣೋನ್ಮುಖರಲ್ಲಿ ಉಪೇಕ್ಷೆ. ಉಪೇಕ್ಷೆಯೆಂದರೆ ಇಲ್ಲಿ ಅಲಕ್ಷ್ಯವೆಂದು ತಿಳಿಯಬಾರದು. ಕೈಮೀರಿದುದಕ್ಕಾಗಿ ಚಿತ್ತವನ್ನು ಬೇಯಿಸಿಕೊಳ್ಳದಿರುವ ತಾಟಸ್ಥ್ಯವೆಂದು ತಿಳಿಯಬೇಕು. ಇದು ವೈದ್ಯನ ಮನಸ್ಸಿಗೆ ಕವಚವಿದ್ದಂತೆ. ಹತ್ತು ಮಂದಿಯಲ್ಲಿ ಒಬ್ಬನು ಕೈಮೀರಿದಾಗ ಈ ಕವಚವು ತಡೆದೀತು. ಒಂದೇ ದಿನದಲ್ಲಿ ಐವರು ಕೈಮೀರಿದರೆ ಅದು ತಡೆಯುವುದೆಂತು? ಈ ಎರಡು ಪ್ರಕರಣಗಳನ್ನು ಸೇರಿಸಿ ಓದಿದವನಿಗೆ ಈ ಪ್ರಶ್ನೆ ಏಳದಿರದು.

ಕ್ರಿ.ಶ. 542ರಲ್ಲಿ ಕಾನ್‌ಸ್ಟಾಂಟಿನೋಪಲ್ ನಗರಕ್ಕೆ ಪ್ಲೇಗು ಹೊಕ್ಕು ನಾಲ್ಕು ತಿಂಗಳು ನಿಂತಿತು. ಅದನ್ನು ಕಣ್ಣಾರೆ ಕಂಡ ಚರಿತ್ರಕಾರ ಪ್ರೊಕೋಪಿಯಸನು ಒಂದು ಸೂಕ್ಷ್ಮವಾದ ಮಾತನ್ನು ಬರೆದಿಟ್ಟಿದ್ದಾನೆ. ಸನ್ನಿ ಹಿಡಿದ ರೋಗಿಗಳು ಹಾಸಿಗೆಯಿಂದ ಉರುಳುವರು, ಹೊರಕ್ಕೆ ಓಡುವರು. ಉಪಚರಿಸುವವರು ಹಗಲಿರುಳೆನ್ನದೆ ಅವರನ್ನು ಹಿಡಿದು ತಂದು ಮಲಗಿಸಬೇಕು. ಆದುದರಿಂದ ಜನರು ರೋಗಿಗಳಿಗೆ ಮರುಗಿದಷ್ಟೇ ಉಪಚಾರಕರಿಗೂ ಮರುಗಿದರಂತೆ. ಈ ಮರುಕಕ್ಕೆ ಕಾರಣ ಸೋಂಕಿನ ಭಯವಲ್ಲ, ಅವರ ಎಡೆಬಿಡದ ಬಳಲಿಕೆಯೆಂದು ಅವನೇ ಬಿಡಿಸಿ ಹೇಳಿದ್ದಾನೆ.

ಇನ್ನು 1348ನೆಯ ವರ್ಷ. ಫ್ರಾನ್ಸಿನ ಅವಿನ್ಯೋನ್ ನಗರದಲ್ಲಿ ಆಗ ಪೋಪರ ಪೀಠವಿದ್ದಿತು. ಗಿ ದ ಶೋಲಿಯಾಕ್ ಎಂಬ ಶಸ್ತ್ರವೈದ್ಯನು ಅವರ ವೈದ್ಯನಾಗಿದ್ದನು. ಜನವರಿಯಲ್ಲಿ ಬಂದ ಪ್ಲೇಗು ಏಳು ತಿಂಗಳು ಇದ್ದಿತು. ಮೊದಲ ಎರಡು ತಿಂಗಳಲ್ಲಿ ರಕ್ತ ಉಗುಳಿ ಮೂರು ದಿನಗಳಲ್ಲಿಯೂ, ಆಮೇಲೆ ಗಡ್ಡೆಗಳೆದ್ದು ಐದು ದಿನಗಳಲ್ಲಿಯೂ ಜನರು ಸತ್ತರು. ತಂದೆ ಮಗನನ್ನು ನೋಡಲು ಹೋಗಲಿಲ್ಲ, ಮಗನು ತಂದೆಯನ್ನು ನೋಡಲು ಹೋಗಲಿಲ್ಲ. ವೈದ್ಯರೂ ಅಂಜಿ ಹಿಂಜರಿದರು. ಹೋದರೂ ಗುಣಪಡಿಸಲಾರದೆ ಹೋದರು. ಇದನ್ನೆಲ್ಲ ಹೇಳಿದ ಮೇಲೆ ಶೋಲಿಯಾಕನು ತನ್ನ ವಿಷಯವನ್ನೂ ಮರೆಮಾಚಲಿಲ್ಲ: ಅಪಕೀರ್ತಿಗೆ ಅಂಜಿ ತಾನು ಊರು ಬಿಡಲಿಲ್ಲವೆಂದೂ, ಉಳಿದಷ್ಟು ಕಾಲವೂ ಎಡೆಬಿಡದ ಭಯದಲ್ಲಿಯೇ ಇದ್ದೆನೆಂದೂ 1363ರಲ್ಲಿ ಮುಗಿಸಿದ ತನ್ನ ಮಹಾಗ್ರಂಥದಲ್ಲಿ ಬರೆದನು. ಕೊನೆಗೆ ತೊಡೆಸಂದಿನಲ್ಲಿ ಗಡ್ಡೆಯೆದ್ದು ಸುಮಾರು ಆರು ವಾರ ಮಲಗಿ, ಒಡನಾಡಿಗಳು ಆಸೆ ಬಿಟ್ಟಿದ್ದಾಗ ಬದುಕಿಕೊಂಡನು.

ಅಂಜುವವನು ವೈದ್ಯನೆಂತಾದಾನು ಎಂದು ಇಲ್ಲಿ ಕೆಲವರು ಆಕ್ಷೇಪಿಸಬಹುದು. ಇದಕ್ಕೆ ಸಮಾಧಾನವು ಸುಲಭವಾಗಿದೆ. ಅಂಜಿಕೆಯಿಲ್ಲದವನು ನಿಂತರೆ ಅದು ಅವನ ಸ್ವಭಾವ. ಅಂಜಿಯೂ ನಿಂತರೆ ಅದು ಧರ್ಮ. ಶೋಲಿಯಾಕನ ಹಿರಿಮೆಯಿರುವುದು ಭಯವನ್ನು ಗೆದ್ದುದರಲ್ಲಿಯಲ್ಲ. ಭಯವನ್ನು ಹೊತ್ತುಕೊಂಡೇ ಕೆಲಸ ಮಾಡಿ, ಅನಂತರ ನಾಚದೆ ಅದನ್ನು ಹೇಳಿದುದರಲ್ಲಿದೆ.

ನಮ್ಮ ಕಾಲದ ಸಂಗತಿಗಳು ಇದನ್ನೇ ದೃಢಪಡಿಸುತ್ತವೆ. 2003ರ ಸಾರ್ಸ್ ರೋಗದಲ್ಲಿ ಜಗತ್ತಿನ 8,096 ರೋಗಿಗಳ ಪೈಕಿ 1,706 ಮಂದಿ ವೈದ್ಯಕೀಯ ಕೆಲಸದವರೇ ಆಗಿದ್ದರು. ಕೆನಡಾದ ಟೊರಾಂಟೋ ಪ್ರಾಂತದ ಆಸ್ಪತ್ರೆಗಳವರನ್ನು ಒಂದೆರಡು ವರ್ಷಗಳ ಮೇಲೆ ಪರೀಕ್ಷಿಸಿದಾಗ, ಆ ರೋಗಿಗಳನ್ನು ಉಪಚರಿಸಿದವರಲ್ಲಿ ಮನಃಕ್ಲೇಶವು ಇನ್ನೂ ಹೆಚ್ಚಾಗಿಯೇ ಇದ್ದಿತು. ತಕ್ಕ ತರಬೇತಿಯೂ ಬೆಂಬಲವೂ ತಮಗೆ ದೊರೆತವೆಂದವರಲ್ಲಿ ಅದು ಕಡಮೆಯಾಗಿದ್ದಿತು. ರೋಗವು ಊರನ್ನು ಬಿಟ್ಟರೂ ಉಪಚಾರಕನ ಮನಸ್ಸನ್ನು ಬೇಗನೆ ಬಿಡುವುದಿಲ್ಲವೆಂಬುದಕ್ಕೆ ಇದು ಪ್ರಮಾಣ.

2020ರಲ್ಲಿ ಕೋವಿಡ್ ಬಂದಿತು. ನ್ಯೂಯಾರ್ಕಿನ ತುರ್ತುಚಿಕಿತ್ಸೆಯ ವೈದ್ಯೆ ಲಾರ್ನಾ ಬ್ರೀನ್ ಅವರು ತಾವೂ ಆ ರೋಗಕ್ಕೆ ತುತ್ತಾಗಿ, ಗುಣವಾಗಿ, ಮತ್ತೆ ಕೆಲಸಕ್ಕೆ ಹೋಗಿ, ಏಪ್ರಿಲ್ ತಿಂಗಳಲ್ಲಿ ತಾವೇ ತಮ್ಮ ಪ್ರಾಣವನ್ನು ಕಳೆದುಕೊಂಡರು. ಮನಸ್ಸಿನ ಚಿಕಿತ್ಸೆ ಪಡೆದುದು ತಿಳಿದರೆ ವೃತ್ತಿಗೆ ಕುಂದು ಬಂದೀತೆಂಬ ಅಂಜಿಕೆ ಅವರಿಗಿದ್ದಿತೆಂದು ಅವರ ಕುಟುಂಬದವರು ಹೇಳಿದರು. ಶೋಲಿಯಾಕನು ಹೇಳಬಲ್ಲವನಾಗಿದ್ದ ಮಾತನ್ನು ಆರು ಶತಮಾನಗಳು ಕಳೆದ ಮೇಲೆ ಈ ವಿದುಷಿಯು ಹೇಳಲಾರದೆ ಹೋದರು. ವೈದ್ಯಕೀಯ ಕೆಲಸದವರ ಮನೋರಕ್ಷಣೆಗಾಗಿ ಅವರ ಹೆಸರಿನಲ್ಲಿಯೇ ಅಮೆರಿಕದಲ್ಲಿ 2022ರ ಮಾರ್ಚಿಯಲ್ಲಿ ಶಾಸನವಾಯಿತು.

ನಮ್ಮ ದೇಶದಲ್ಲಿ 2020ರ ಮಾರ್ಚ್ 22ರಂದು ಸಂಜೆ ಜನರು ಬಾಗಿಲುಗಳಲ್ಲಿ ನಿಂತು ಚಪ್ಪಾಳೆ ತಟ್ಟಿ ಉಪಚಾರಕರನ್ನು ಕೊಂಡಾಡಿದರು. ಅದೇ ದಿನಗಳಲ್ಲಿ ಅವರಲ್ಲಿ ಕೆಲವರನ್ನು ಬಾಡಿಗೆಯ ಮನೆಗಳಿಂದ ಬಿಡಿಸಿದುದೂ, ಹೊಡೆದುದೂ ಉಂಟು. ಸರಿಯಾಗಿ ಒಂದು ತಿಂಗಳಿಗೆ, ಏಪ್ರಿಲ್ 22ರಂದು, 1897ರ ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನು ತಿದ್ದಿ, ಅವರ ಮೇಲೆ ಕೈಮಾಡಿದವರಿಗೆ 7 ವರ್ಷಗಳವರೆಗೆ ಸೆರೆವಾಸವನ್ನು ವಿಧಿಸಬೇಕಾಯಿತು. ಜುಲೈ ತಿಂಗಳಲ್ಲಿ ನಮ್ಮ ಕರ್ನಾಟಕದ ಆಶಾ ಕಾರ್ಯಕರ್ತೆಯರು, ಮನೆಮನೆಗೆ ಅಲೆದು ರೋಗವನ್ನು ಹುಡುಕಿದವರು, ತಿಂಗಳಿಗೆ 12,000 ರೂಪಾಯಿಗಳ ನಿಶ್ಚಿತ ಗೌರವಧನವನ್ನು ಕೇಳಿ ಮುಷ್ಕರ ಹೂಡಿದರು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಮನೋವ್ಯಥೆಯುಳ್ಳವರಿಗಾಗಿ ಆ ವರ್ಷ ದೂರವಾಣಿಯ ನೆರವನ್ನು ಏರ್ಪಡಿಸಿದುದು ಸ್ತುತ್ಯವಾದ ಕಾರ್ಯ.

ಉಪಚಾರಕನನ್ನು ವೀರನೆಂದು ಹೊಗಳುವುದು ತಪ್ಪಲ್ಲ. ಆದರೆ ವೀರನೆನ್ನಿಸಿಕೊಂಡವನು ತನಗೆ ಭಯವಾಗಿದೆ, ದಣಿವಾಗಿದೆ, ನಿನ್ನೆ ಸತ್ತವನ ಮುಖ ಕಣ್ಣಿಂದ ಮರೆಯಾಗದಿದೆ ಎಂದು ಯಾರ ಮುಂದೆ ಹೇಳಬೇಕು? ಹೊಗಳಿಕೆಯೇ ಅವನ ಬಾಯನ್ನು ಕಟ್ಟಬಾರದು. ಸರದಿಯ ವಿಶ್ರಾಂತಿ, ಸಕಾಲಕ್ಕೆ ಸಂಬಳ, ರಕ್ಷಣೆಯ ಸಾಮಗ್ರಿ, ಕೇಳುವ ಒಂದು ಕಿವಿ, ಇವನ್ನು ಒದಗಿಸುವುದು ಸರಕಾರದ ಮತ್ತು ಆಸ್ಪತ್ರೆಗಳ ಕರ್ತವ್ಯ. ನಮ್ಮ ಬೀದಿಯಲ್ಲಿ ವಾಸಿಸುವ ದಾದಿ ರಾತ್ರಿಯ ಕೆಲಸ ಮುಗಿಸಿ ಬರುವಾಗ ಬಾಗಿಲು ಹಾಕಿಕೊಳ್ಳದೆ ಕುಶಲವನ್ನು ವಿಚಾರಿಸುವುದಂತೂ ನಮ್ಮ ನಿಮ್ಮ ಕರ್ತವ್ಯ. ಅದಕ್ಕೆ ಯಾವ ಶಾಸನವೂ ಬೇಕಾಗಿಲ್ಲ.