ರೆಡ್ ಹಿಲ್ ಇಂಧನ ಸೋರಿಕೆ

ಅಮೆರಿಕದ ಹವಾಯಿ ರಾಜ್ಯದ ಓವಾಹು ದ್ವೀಪದಲ್ಲಿ 2021ರ ನವೆಂಬರ್‌ನಲ್ಲಿ ನೌಕಾಪಡೆಯ ಸಂಗ್ರಹಾಗಾರದಿಂದ ವಿಮಾನ ಇಂಧನ ಸೋರಿ ಕುಡಿಯುವ ನೀರಿಗೆ ಬೆರೆತ ದುರ್ಘಟನೆ.

ಹಿನ್ನೆಲೆ: ಎರಡನೆಯ ಮಹಾಯುದ್ಧದ ಕಾಲದಲ್ಲಿ, ಪರ್ಲ್ ಹಾರ್ಬರ್ ಸಮೀಪದ ರೆಡ್ ಹಿಲ್ ಬೆಟ್ಟದೊಳಗೆ 20 ಬೃಹತ್ ಇಂಧನ ಟ್ಯಾಂಕುಗಳನ್ನು ನಿರ್ಮಿಸಲಾಯಿತು. ಒಂದೊಂದರ ಸಾಮರ್ಥ್ಯ ಸುಮಾರು 4.7 ಕೋಟಿ ಲೀಟರ್. ಇವುಗಳಿಗಿಂತ ಸುಮಾರು 100 ಅಡಿ ಕೆಳಗೆ ದ್ವೀಪದ ಮುಖ್ಯ ಅಂತರ್ಜಲ ಭಂಡಾರವಿದೆ. 2021ರಲ್ಲಿ ಸೋರಿದ ಜೆಪಿ-5 ಎಂಬ ವಿಮಾನ ಇಂಧನವು ನೌಕಾಪಡೆಯ ಕುಡಿಯುವ ನೀರಿನ ಬಾವಿಯನ್ನು ಸೇರಿತು. ಸುಮಾರು 93,000 ಜನರಿಗೆ ನೀರು ಒದಗಿಸುವ ವ್ಯವಸ್ಥೆ ಇದರಿಂದ ಬಾಧಿತವಾಯಿತು.

ಆರೋಗ್ಯ ಪರಿಣಾಮಗಳು: ಜೆಪಿ-5 ಸೀಮೆಎಣ್ಣೆ ಆಧಾರಿತ ಹೈಡ್ರೋಕಾರ್ಬನ್‌ಗಳ ಮಿಶ್ರಣ. ಕಲುಷಿತ ನೀರನ್ನು ಕುಡಿದಾಗ, ಸ್ನಾನದ ವೇಳೆ ಆವಿಯನ್ನು ಉಸಿರಾಡಿದಾಗ ಮತ್ತು ಚರ್ಮಕ್ಕೆ ತಗುಲಿದಾಗ ಅದು ದೇಹವನ್ನು ಸೇರಬಲ್ಲದು. ನಿವಾಸಿಗಳು ತಲೆನೋವು, ವಾಕರಿಕೆ, ವಾಂತಿ, ಭೇದಿ, ಚರ್ಮದ ಉರಿ ಹಾಗೂ ದದ್ದುಗಳನ್ನು ವರದಿ ಮಾಡಿದರು. ಈ ಬಗೆಯ ಇಂಧನ ಚರ್ಮದ ಜಿಡ್ಡನ್ನು ಕರಗಿಸಿ ಒಣಗಿಸುತ್ತದೆ. ಅದರ ಆವಿ ಹೆಚ್ಚಾದರೆ ನರಮಂಡಲ ಮಂಕಾಗಿ ತಲೆಸುತ್ತು ಬರುತ್ತದೆ. ನುಂಗಿದ ಇಂಧನ ವಾಂತಿಯಾಗುವಾಗ ಶ್ವಾಸಕೋಶಕ್ಕೆ ಇಳಿದರೆ ತೀವ್ರ ಉರಿಯೂತ ಉಂಟಾಗಬಹುದು. ದೀರ್ಘಕಾಲಿಕ ಪರಿಣಾಮಗಳು ಇನ್ನೂ ಅಧ್ಯಯನದಲ್ಲಿವೆ. ಒಬ್ಬೊಬ್ಬರ ದೇಹಕ್ಕೆ ಸೇರಿದ ಪ್ರಮಾಣ ಮತ್ತು ಅವಧಿಯನ್ನು ನಿಖರವಾಗಿ ಅಳೆಯಲಾಗದಿರುವುದು ಇದಕ್ಕೆ ದೊಡ್ಡ ತೊಡಕು.

ಕ್ರಮಗಳು: ಸಾವಿರಾರು ಕುಟುಂಬಗಳನ್ನು ತಾತ್ಕಾಲಿಕವಾಗಿ ಹೋಟೆಲುಗಳಿಗೆ ಸ್ಥಳಾಂತರಿಸಿ, ಕೊಳವೆಜಾಲವನ್ನು ತೊಳೆಯಲಾಯಿತು. 2022ರ ಮಾರ್ಚ್‌ನಲ್ಲಿ ಅಮೆರಿಕದ ರಕ್ಷಣಾ ಕಾರ್ಯದರ್ಶಿ ಲಾಯ್ಡ್ ಆಸ್ಟಿನ್ ಸಂಗ್ರಹಾಗಾರವನ್ನು ಶಾಶ್ವತವಾಗಿ ಮುಚ್ಚುವ ನಿರ್ಧಾರ ಪ್ರಕಟಿಸಿದರು. ಟ್ಯಾಂಕುಗಳಿಂದ ಇಂಧನ ತೆರವುಗೊಳಿಸುವ ಮುಖ್ಯ ಕಾರ್ಯ 2023ರ ಅಕ್ಟೋಬರ್‌ನಲ್ಲಿ ಆರಂಭವಾಯಿತು.