ಅಮೆರಿಕನ್ನರು ಕೆನಡಾದ ಪೌರರಾಗುವುದು ಹೇಗೆ?

ಪಕ್ಕದ ದೇಶದವರೆಂಬ ಕಾರಣಕ್ಕೆ ಅಮೆರಿಕನ್ನರಿಗೆ ಕೆನಡಾ ಪೌರತ್ವ ಸುಲಭವಾಗಿ ಸಿಗುವುದಿಲ್ಲ. ಕೆನಡಾದವರನ್ನು ಮದುವೆಯಾದರೂ ಅಷ್ಟರಿಂದಲೇ ಪೌರತ್ವ ಬಾರದು. ಉದ್ಯೋಗ, ಕೌಶಲ ಅಥವಾ ಕುಟುಂಬದ ಆಧಾರದಲ್ಲಿ ಮೊದಲು ಕಾಯಂ ನಿವಾಸಿ, ಅಂದರೆ ಪಿಆರ್ ಆಗಬೇಕು.

ಅರ್ಜಿ ಸಲ್ಲಿಸುವ ಹಿಂದಿನ 5 ವರ್ಷಗಳಲ್ಲಿ ಕನಿಷ್ಠ 1,095 ದಿನ ಕೆನಡಾದಲ್ಲೇ ಇದ್ದಿರಬೇಕು. 18ರಿಂದ 54 ವರ್ಷದವರು ಇಂಗ್ಲಿಷ್ ಅಥವಾ ಫ್ರೆಂಚ್ ಬಲ್ಲವರೆಂದು ತೋರಿಸಬೇಕು. 20 ಪ್ರಶ್ನೆಗಳ ಪರೀಕ್ಷೆಯಲ್ಲಿ 15ಕ್ಕಾದರೂ ಸರಿಯುತ್ತರ ನೀಡಬೇಕು. ಕೊನೆಯ ಹಂತ ಪ್ರಮಾಣವಚನ.

ವಂಶದ ನಂಟಿದ್ದವರ ದಾರಿ ಬೇರೆ. ತಂದೆ ಅಥವಾ ತಾಯಿ ಕೆನಡಾದಲ್ಲಿ ಹುಟ್ಟಿದವರಾಗಿದ್ದರೆ ಮಕ್ಕಳು ಸಾಮಾನ್ಯವಾಗಿ ಹುಟ್ಟಿನಿಂದಲೇ ಪೌರರು. ಪೌರತ್ವದ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿದರೆ ಸಾಕು. 2025ರ ಡಿಸೆಂಬರ್ 15ರಂದು ಜಾರಿಯಾದ ತಿದ್ದುಪಡಿಯಿಂದ, ಅದಕ್ಕೂ ಮುನ್ನ ಹುಟ್ಟಿದ ಮೊಮ್ಮಕ್ಕಳ ಪೈಕಿ ಅನೇಕರಿಗೂ ಈ ಹಕ್ಕು ಸಿಕ್ಕಿದೆ.

ಎರಡೂ ದೇಶಗಳು ದ್ವಿಪೌರತ್ವಕ್ಕೆ ಅವಕಾಶ ನೀಡುತ್ತವೆ. ಆದರೆ ಅಮೆರಿಕದ ಪೌರತ್ವ ಉಳಿಸಿಕೊಂಡವರು ಕೆನಡಾದಲ್ಲಿ ದುಡಿದರೂ ಅಮೆರಿಕದ ತೆರಿಗೆ ಕಾನೂನಿಗೆ ಒಳಪಡುತ್ತಾರೆ. ಅಮೆರಿಕದಲ್ಲಿರುವ ಕನ್ನಡಿಗರೂ ಗಮನಿಸಬೇಕಾದ ಅಂಶ: ಭಾರತೀಯ ಪಾಸ್‌ಪೋರ್ಟ್ ಹೊಂದಿದವರು ಕೆನಡಾ ಪೌರತ್ವ ಪಡೆದರೆ ಭಾರತದ ಪೌರತ್ವ ಕಳೆದುಕೊಳ್ಳುತ್ತಾರೆ.